ಬಕೆಟ್‌ನಾಗ ಮರಿ ಬಿಟ್ಟು ಔಷಧಿ ಟೆಸ್ಟ್ ಮಾಡಬ್ಯಾಡ್ರಿ

ಬ್ಯಾಸಗಿ ಬಂತಂದ್ರ ಲ್ಯಾಬಿನಾಗ ನನಗ ಇದೇ ಫೋನು. ಭಾಲ್ಕಿ ಕಡಿ ಕಾಕಾ ಒಬ್ಬರು ಕೃಷಿ ಹೊಂಡದಾಗ ರೋಹು-ಕಾಟ್ಲಾ ಸಾಕ್ಯಾರ, "ಮೇಡಂ, ನೀರಿಗಿ ಹಾಕ್ಲಾಕ ಬಿಕೆಸಿ (ರೋಗಾಣು ಕೊಲ್ಲೋ ಔಷಧಿ) ತಂದೀನ್ರಿ, ಬಕೆಟ್‌ನಾಗ ಹತ್ತು ಮರಿ ಬಿಟ್ಟು ನೋಡ್ದೆ, ಮುಂಜಾನಿಗಿ ಎಂಟು ಹೋಗ್ಯಾವ, ಡೂಪ್ಲಿಕೇಟ್ ಮಾಲು ಕೊಟ್ಟಾನ ನೋಡ್ರಿ" ಅಂದ್ರು. ಕಾಕಾ, ಬಾಜೂಕ ಔಷಧಿ ಹಾಕ್ಲಾರದ ಬಕೆಟ್ ಒಂದು ಇಟ್ಟಿದ್ರೇನ್ರಿ ಅಂದೆ. ಇಲ್ಲ. ಆಮ್ಯಾಲ ನಾ ಬ್ಯಾಡಂದ್ರೂ ಹಠ ಮಾಡಿ ಇಟ್ರು, ಬರೀ ನೀರಿನಾಗೂ ಏಳು ಸತ್ತವು.

ಇದೊಂದೇ ಮಾತು ಎಷ್ಟು ಸಲ ಹೇಳ್ಲಿ ನಾ. ನಮ್ಮ ಬಿಸಿಲಿಗಿ ಬಕೆಟ್ ನೀರು ಕಾಯ್ತದ, ಕಾಯ್ದ ನೀರಿನಾಗ ಆಕ್ಸಿಜನ್ ಕಮ್ಮಿ, ಮ್ಯಾಲಿಂದ ಮೀನಿಂದೇ ಅಮೋನಿಯಾ, ಹಂಗಾಗಿ ಮರಿ ಸತ್ತದ್ದು ಬಕೆಟ್‌ನಿಂದೇನು ಔಷಧಿಯಿಂದೇನು ಗೊತ್ತಾಗಂಗಿಲ್ಲ. ಸಾಯ್ಲಿಲ್ಲಂದ್ರೂ ಔಷಧಿ ಸೇಫ್ ಅಂತಲ್ಲ, ಕಿವಿರು ಸುಟ್ಟ ಮೀನು ಎರಡು ದಿನ ಈಜಾಡ್ತದ.

ಪದ್ಧತಿ ಪ್ರಕಾರ ಮಾಡೋ ಟೆಸ್ಟ್‌ನಾಗೂ 5 ಡೋಸು, ಒಂದೊಂದಕ್ಕ ಕನಿಷ್ಠ 7 ಮೀನು, ಔಷಧಿ ಹಾಕ್ಲಾರದ ಟ್ಯಾಂಕಿಗಿ ಮತ್ತ 7, ಅಂದ್ರ 42 ಜೀವ, 96 ತಾಸು. ಅದಕ್ಕೇ ಟ್ರೌಟ್ ಮೀನಿನ ಕಿವಿರಿನ ಕೋಶ ಬೆಳೆಸಿ ನೋಡೋ ಟೆಸ್ಟಿಗಿ 2021ರಾಗ ಒಇಸಿಡಿ (ಇಂಥಾ ಟೆಸ್ಟ್‌ಗೋಳ ಪದ್ಧತಿ ಠರಾಯಿಸೋ ಹಲವು ದೇಶಗೋಳ ಸಂಘಟನೆ) ಒಪ್ಪಿಗಿ ಕೊಟ್ಟದ. 24 ಗುಳಿ ಇರೋ ಪ್ಲೇಟ್‌ನಾಗ ಕೋಶ ತಳಕ್ಕ ಫರಶಿ ಹಾಸಿದಂಗ ಹತ್ಕೊಂಡಿರ್ತಾವ, ಔಷಧಿ ಹಾಕಿ 24 ತಾಸಿಗಿ ನೀಲಿ ಬಣ್ಣ ಬಿಡ್ತೀವಿ, ಜೀವ ಇದ್ದ ಕೋಶ ಅದನ್ನ ಗುಲಾಬಿ ಮಾಡ್ತಾವ, ಸತ್ತಲ್ಲಿ ನೀಲಿನೇ ಉಳೀತದ. ಬಾಜೂಕ ಔಷಧಿ ಹಾಕ್ಲಾರದ ಗುಳಿ ಇದ್ದೇ ಇರ್ತದ, ಕಾಕಾ ಇಡದೇ ಬಿಟ್ಟಿದ್ದು ಅದೇ.

ಟ್ರೌಟ್ ತಂಪು ನೀರಿನ ಮೀನು, ಅದರ ಕೋಶ 19 ಡಿಗ್ರಿ ಆಸುಪಾಸು ಬೆಳೀತಾವ. ನಮ್ಮ ರೋಹು ಕೋಶಕ್ಕ 28 ಬೇಕು, ಲಕ್ನೋದ ಎನ್‌ಬಿಎಫ್‌ಜಿಆರ್ (ಮೀನಿನ ತಳಿ ಕಾಪಾಡೋ ರಾಷ್ಟ್ರೀಯ ಸಂಸ್ಥೆ) ಕೋಶ ಭಂಡಾರದಾಗ ನಮ್ಮ ದೇಶದ ಮೀನಿನ ಕೋಶ ಇಟ್ಟಾರ. ಈಜುರೆಕ್ಕಿದು ಚೂರು ಕತ್ತರಿಸಿ ತಗೊಂಡ್ರೂ ಕೋಶ ಬೆಳಸ್ಲಾಕ ಆಗ್ತದ, ಮೀನು ವಾಪಸ್ ನೀರಿಗಿ ಹೋಗ್ತದ, ಅದು ಈಜ್ಕೊಂಡು ಹೋಗೋದು ನೋಡ್ಲಾಕ ನನಗ ಭಾಳ ಖುಷಿ.

ಹಂಗಂತ ಕೋಶ ಎಲ್ಲಾ ಹೇಳ್ತದಂತಲ್ಲ. ಕಿವಿರಿನ ಕೋಶಕ್ಕ ನರ ಇಲ್ಲ, ಹಂಗಾಗಿ ಮೀನಿನ ಹೇನಿಗಿ ಹಾಕೋ ಸೈಪರ್‌ಮೆಥ್ರಿನ್‌ನಂಥಾ ನರಕ್ಕ ಹೊಡಿಯೋ ಔಷಧಿ ವಿಷ ಅದರಾಗ ಕಮ್ಮಿನೇ ಕಾಣ್ತದ. ತೊಗರಿಗಿ ಹೊಡ್ದ ಎಣ್ಣಿ ಮಳಿ ನೀರಿನ ಕೂಡ ಹೊಂಡಕ್ಕ ಬಂದದ ಅನ್ನೋ ಅನುಮಾನ ಇದ್ರ ನೀರಿನ ಸ್ಯಾಂಪಲ್ ಬ್ಯಾರೆ ತರ್ರಿ, ಡಬ್ಬಿ ಮ್ಯಾಲಿನ ಚೀಟಿ ಹರೀಬ್ಯಾಡ್ರಿ, ಅದನ್ನೂ ಕೂಡೇ ತರ್ರಿ.