ಹೆಣ್ಣು ಹುಳು ಹರಿದು ಹಾಕುವ ನಕಲು

ಶಿಡ್ಲಘಟ್ಟದ ಕಡೆ ರೇಷ್ಮೆ ಮೊಟ್ಟೆ ತಯಾರಿಸುವ ಗ್ರೇನೇಜಿನಲ್ಲಿ ನಾನು ಹೊಸದಾಗಿ ಸೇರಿದಾಗ, ಎಂಎಸ್ಸಿ ಓದಿದ್ದು ಒಂದಿಷ್ಟೂ ಕೆಲಸಕ್ಕೆ ಬರಲಿಲ್ಲ. ಬಿತ್ತನೆ ಗೂಡನ್ನು ಬ್ಲೇಡಿನಿಂದ ಸೀಳಿ ಒಳಗಿನ ಪ್ಯೂಪಾ, ಅಂದರೆ ಚಿಟ್ಟೆಯಾಗುವ ಮುಂಚಿನ ಹುಳು, ತೆಗೆಯಬೇಕು. ಹೊಟ್ಟೆ ಮೇಲೆ ಬರುವಂತೆ ತಿರುಗಿಸಿ, ಬಾಲದ ತುದಿಯ ಹತ್ತಿರ ನೋಡಬೇಕು. ಗುಣಾಕಾರದ ಗುರುತಿನಂಥ ಸಣ್ಣ ಗೆರೆ ಇದ್ದರೆ ಹೆಣ್ಣು, ಬರೀ ಚುಕ್ಕೆ ಇದ್ದರೆ ಗಂಡು. ಮಿಶ್ರತಳಿ ಮೊಟ್ಟೆಗೆ ಮೈಸೂರು ತಳಿಯ ಹೆಣ್ಣು, ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡು ಬೇಕು. ಬೇರ್ಪಡಿಸುವಾಗ ಎಡವಿದರೆ ತಳಿಯೇ ಕೆಟ್ಟಿತು.

ಪಕ್ಕದಲ್ಲಿ ಕೂತ ಅಕ್ಕ, ನಾನು ಒಂದು ನೋಡುವಷ್ಟರಲ್ಲಿ ಹತ್ತು ಮುಗಿಸುತ್ತಿದ್ದರು. ಒಂದು ದಿನ ಕೇಳಿದರು: "ಮೇಡಂ, ನೀನು ಹೆಣ್ಣಾಗು ಅಂತ ಈ ಹುಳುವಿಗೆ ಹೇಳೋರು ಯಾರು?"

ಒಳ್ಳೆ ಪ್ರಶ್ನೆ. ಮನುಷ್ಯರಲ್ಲಿ ವೈ ಕ್ರೋಮೊಸೋಮ್ ಇದ್ದರೆ ಗಂಡು. ರೇಷ್ಮೆ ಹುಳುವಿನಲ್ಲಿ ಉಲ್ಟಾ: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಡಬ್ಲ್ಯೂ ಇದ್ದರೆ ಹೆಣ್ಣು ಅಂತ ಜಪಾನಿನ ವಿಜ್ಞಾನಿ ಹಶಿಮೊಟೊ 1933ರಲ್ಲೇ ಹೇಳಿದ್ದರು. ಆದರೆ ಅದರಲ್ಲಿ ಏನಿದೆ ಅಂತ ಗೊತ್ತಾಗಿದ್ದು 2014ರಲ್ಲಿ, ಟೋಕಿಯೊ ವಿಶ್ವವಿದ್ಯಾಲಯದ ತಂಡದಿಂದ. ಸಿಕ್ಕಿದ್ದು ಪ್ರೋಟೀನ್ ಅಲ್ಲ. ಬರೀ 29 ಅಕ್ಷರದ ಒಂದು ತುಣುಕು ಆರ್‌ಎನ್‌ಎ! ಹೆಸರು ಫೆಮ್.

ಡಿಎನ್‌ಎ ಅಂದರೆ ಬೀರುವಿನಲ್ಲಿಟ್ಟ ಜಮೀನಿನ ಮೂಲಪತ್ರ ಅಂದುಕೊಳ್ಳಿ. ಅದು ಹೊರಗೆ ಬರುವುದಿಲ್ಲ, ಓಡಾಡುವುದು ಜೆರಾಕ್ಸ್. ಆ ಜೆರಾಕ್ಸೇ ಎಂಆರ್‌ಎನ್‌ಎ. ಗಂಡಾಗಿಸುವ ಮ್ಯಾಸ್ಕ್ ಜೀನ್ ಝಡ್ ಮೇಲಿದೆ. ಅಂದರೆ ಹೆಣ್ಣಿನಲ್ಲೂ ಇದೆ, ಅದರ ನಕಲೂ ಆಗುತ್ತದೆ. ಆದರೆ ಫೆಮ್, ಸಿವಿ ಅನ್ನೋ ಪ್ರೋಟೀನಿನೊಳಗೆ ಕೂತು, ತನ್ನ ಅಕ್ಷರಗಳಿಗೆ ಜೋಡಿಯಾಗುವ ಸಾಲನ್ನು ಆ ನಕಲಿನಲ್ಲಿ ಹುಡುಕುತ್ತದೆ. ಸಿಕ್ಕ ಕೂಡಲೇ ಸಿವಿ ಆ ನಕಲನ್ನು ಕತ್ತರಿಸುತ್ತದೆ, ಮ್ಯಾಸ್ಕ್ ಪ್ರೋಟೀನ್ ತಯಾರಾಗುವುದಿಲ್ಲ. ಮೂಲಪತ್ರಕ್ಕೆ ಏನೂ ಆಗಿರುವುದಿಲ್ಲ.

ಈ ಜಾತಿಯ ಆರ್‌ಎನ್‌ಎಗೆ ಪೈಆರ್‌ಎನ್‌ಎ ಅಂತಾರೆ. ಅಂಡಾಶಯ, ವೃಷಣಗಳಲ್ಲಿ ಡಿಎನ್‌ಎಯಲ್ಲಿ ಜಾಗ ಬದಲಿಸುತ್ತ ಜಿಗಿದಾಡುವ ಜೀನ್‌ಗಳು ಹಾವಳಿ ಮಾಡದಂತೆ ಕಾಯುವುದು ಇವುಗಳ ಮಾಮೂಲಿ ಕೆಲಸ. ತೋಟದ ಕಾವಲುಗಾರನನ್ನೇ ಪಂಚಾಯ್ತಿಗೂ ಕೂರಿಸಿದ ಹಾಗಾಯ್ತು ಇಲ್ಲಿ. ಕಂಡುಹಿಡಿದವರಿಗೆ 2024ರ ನೊಬೆಲ್ ತಂದುಕೊಟ್ಟ ಮೈಕ್ರೋಆರ್‌ಎನ್‌ಎ ಇದಕ್ಕೆ ದಾಯಾದಿ. ಪ್ರಾಣಿಗಳಲ್ಲಿ ಅದು ಕತ್ತರಿಸುವುದಕ್ಕಿಂತ ನಕಲನ್ನು ತಡೆಹಿಡಿಯುವುದೇ ಜಾಸ್ತಿ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಡಬಲ್‌ಸೆಕ್ಸ್ ಅನ್ನೋ ಇನ್ನೊಂದು ಜೀನ್ ಗಂಡು ಹೆಣ್ಣು ಎರಡರಲ್ಲೂ ಒಂದೇ. ಅದರ ಹಸಿ ನಕಲಿನಲ್ಲಿ ಬೇಕಾದ ತುಂಡುಗಳ ನಡುವೆ ಬೇಡದ್ದೂ ಇರುತ್ತದೆ, ಬೇಕಾದ್ದನ್ನು ಆರಿಸಿ ಹೊಲಿಯಬೇಕು. ಇದೇ ಸ್ಪ್ಲೈಸಿಂಗ್. ಮ್ಯಾಸ್ಕ್ ಇಲ್ಲದಿದ್ದರೆ 3 ಮತ್ತು 4ನೇ ತುಂಡುಗಳು ಉಳಿದು ಹೆಣ್ಣಿನ ಪ್ರೋಟೀನ್ ಆಗುತ್ತದೆ. ಮ್ಯಾಸ್ಕ್ ಇದ್ದರೆ ಅವೆರಡನ್ನೂ ಬಿಟ್ಟು ಹೊಲಿಗೆ ಬೀಳುತ್ತದೆ, ಗಂಡು. ನಾವು ಕಣ್ಣು ಕಿರಿದು ಮಾಡಿ ಹುಡುಕುವ ಆ ಗೆರೆ, ಚುಕ್ಕೆಗಳ ಹಿಂದಿನ ತೀರ್ಮಾನ ಮೊಟ್ಟೆಯೊಳಗೇ ಆಗಿರುತ್ತದೆ.

ಇಷ್ಟನ್ನೂ ಅಕ್ಕನಿಗೆ ಹೇಳಿದೆ. "ಅಂದ್ರೆ ಗಂಡಿನ ಕಾಗದ ಎಲ್ಲರ ಹತ್ರಾನೂ ಇರುತ್ತೆ, ಹೆಣ್ಣು ಹರಿದು ಹಾಕುತ್ತೆ, ಅಷ್ಟೇ ಅಲ್ವಾ?" ಅಂದರು. ಹೌದು ಅಂದೆ. ಅಷ್ಟರಲ್ಲಿ ನನ್ನ ಹೆಣ್ಣಿನ ತಟ್ಟೆಯಿಂದ ಎರಡು ಗಂಡನ್ನು ಎತ್ತಿ ಆಚೆ ಇಟ್ಟಿದ್ದರು.