ಹೊಲಿಗೆಯ ಮಡಿಕೆಯಲ್ಲಿ ಉಳಿದ ಬಣ್ಣ

ಅಮೆರಿಕದ ಅಂತರ್ಯುದ್ಧವನ್ನು (1861–65) ನೀಲಿ ಮತ್ತು ಬೂದು ಬಣ್ಣಗಳ ಯುದ್ಧ ಎನ್ನುವುದು ರೂಢಿ. ಉತ್ತರದವರದು ನೀಲಿ, ದಕ್ಷಿಣದವರದು ಬೂದು. ಆದರೆ ಇವತ್ತು ಮ್ಯೂಸಿಯಂಗಳಲ್ಲಿರುವ ದಕ್ಷಿಣದ ಸಿಪಾಯಿಗಳ ಜಾಕೆಟ್‌ಗಳಲ್ಲಿ ಎಷ್ಟೋ ಬೂದು ಅಲ್ಲವೇ ಅಲ್ಲ. ಒಣಗಿದ ಹೊಗೆಸೊಪ್ಪಿನ ಹಾಗೆ ಕಂದು. ಹಾಗಾದರೆ ಸಿಪಾಯಿಯ ಕೈಗೆ ಕೊಟ್ಟ ದಿನ ಆ ಜಾಕೆಟ್ ಯಾವ ಬಣ್ಣದ್ದಿತ್ತು?

ಸಂಶೋಧಕರು ಇದಕ್ಕೆ ಉತ್ತರ ಹುಡುಕುವುದು ಜಾಕೆಟ್‌ನ ಒಳಗೆ. ಎಲ್ಲಾದರೂ ಅಸ್ತರು ಹರಿದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಅಲ್ಲಿ ಒಳಗೆ ಮಡಚಿಕೊಂಡಿರುವ ಬಟ್ಟೆಯನ್ನು ನೋಡುತ್ತಾರೆ. ನೂರೈವತ್ತು ವರ್ಷ ಬಿಸಿಲು ತಾಗದ ಜಾಗ ಅದು. ಹೊರಗೆ ಕಂದಾಗಿರುವ ಎಷ್ಟೋ ಜಾಕೆಟ್‌ಗಳು ಅಲ್ಲಿ ಇನ್ನೂ ಬೂದಾಗಿಯೇ ಇವೆ!

ಕಾರಣ ಬಣ್ಣದಲ್ಲಿದೆ. ದಕ್ಷಿಣದವರು ಜಾಸ್ತಿ ಬಳಸಿದ್ದು ಜೀನ್ ಎಂಬ ಬಟ್ಟೆ. ಈಗಿನ ಜೀನ್ಸ್ ಅಲ್ಲ. ಹಾಸು ಹತ್ತಿಯದು, ಹೊಕ್ಕು ಉಣ್ಣೆಯದು. ಆ ಉಣ್ಣೆಗೆ ಬೂದು ಬಣ್ಣ ಕೊಡಲು ಮಧ್ಯ ಅಮೆರಿಕದ ಲಾಗ್‌ವುಡ್ ಮರದ ಚೆಕ್ಕೆ ಅಥವಾ ಬೇರೆ ಗಿಡಮರಗಳ ಒಗರನ್ನು ಅನ್ನಭೇದಿಯ ಜೊತೆ ಸೇರಿಸುತ್ತಿದ್ದರು. ಬಣ್ಣವನ್ನು ಎಳೆಗೆ ಕಚ್ಚಿಸುವುದು ಅನ್ನಭೇದಿಯಲ್ಲಿರುವ ಕಬ್ಬಿಣ. ಇಂಥ ಬಣ್ಣಗಳ ಅಣುಗಳು ಬೆಳಕಿಗೆ ಬೇಗ ಒಡೆಯುತ್ತವೆ. ಬೂದು ಹೋಗಿ ಕಂದು ಉಳಿಯುತ್ತದೆ. ಅದೇ ಕಬ್ಬಿಣ ನಿಧಾನಕ್ಕೆ ಎಳೆಯನ್ನೂ ತಿನ್ನುತ್ತದೆ. ಕಪ್ಪು, ಕಂದು ದಾರಗಳು ಪುಡಿಯಾಗಿ ಉದುರಲು ಇದೂ ಒಂದು ಕಾರಣ. ಹಾಗಂತ ಎಲ್ಲವೂ ಮೊದಲು ಬೂದಾಗಿದ್ದವು ಎಂದಲ್ಲ. ಬಟರ್‌ನಟ್ ಮರದ ತೊಗಟೆ, ಕಾಯಿಸಿಪ್ಪೆಯಿಂದ ಹುಟ್ಟಾ ಕಂದು ಬಣ್ಣ ಹಾಕಿದ ಬಟ್ಟೆಯೂ ಇತ್ತು. ದಕ್ಷಿಣದ ಸಿಪಾಯಿಗಳಿಗೆ ‘ಬಟರ್‌ನಟ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ಉತ್ತರದವರ ಕಡುನೀಲಿ ಮಾತ್ರ ಗಟ್ಟಿ. ಅದು ಇಂಡಿಗೋ. ಆ ಕಾಲದಲ್ಲಿ ಜಗತ್ತಿನ ಪೇಟೆಗೆ ನಮ್ಮ ಬಂಗಾಳದಿಂದ ರಾಶಿರಾಶಿ ಹೋಗುತ್ತಿದ್ದ ಬಣ್ಣ.

ಹಳೇ ಫೋಟೋ ನೋಡಿದರೆ ಆಯ್ತಲ್ವಾ ಎನ್ನಬಹುದು. ಆದರೆ ಆಗ ಫೋಟೋ ತೆಗೆಯಲು ಬಳಸುತ್ತಿದ್ದ, ರಾಸಾಯನಿಕ ಸವರಿದ ಕೊಲೋಡಿಯನ್ ಪ್ಲೇಟ್‌ಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಹಳದಿ ಕಾಣುತ್ತಿರಲಿಲ್ಲ. ಹಾಗಾಗಿ ತಿಳಿನೀಲಿ ಪ್ಯಾಂಟು ಬೆಳ್ಳಗೆ ಬರುತ್ತಿತ್ತು. ಕುದುರೆ ಪಡೆಯವರ ಜಾಕೆಟ್ಟಿನ ಹಳದಿ ಅಂಚು ಕಪ್ಪಾಗಿ ಬರುತ್ತಿತ್ತು. ಫೋಟೋ ನಂಬಿ ಬಣ್ಣ ಹೇಳಿದವರು ಎಡವಿದ್ದಾರೆ.

ಬಣ್ಣ ಮೋಸ ಮಾಡಿದರೂ ಜಾಕೆಟ್ಟಿನ ಕಟಿಂಗ್ ಮೋಸ ಮಾಡುವುದಿಲ್ಲ. 1989ರಲ್ಲಿ ಲೆಸ್ ಜೆನ್ಸನ್ ಎಂಬ ಸಂಶೋಧಕರು ಉಳಿದ ಜಾಕೆಟ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ, ಯಾವ ಡಿಪೋದ್ದು (ಸೈನ್ಯಕ್ಕೆ ಬಟ್ಟೆ ಹೊಲಿಸಿ ಕೊಡುವ ಉಗ್ರಾಣ) ಯಾವುದು ಎಂದು ವಿಂಗಡಿಸಿದರು. ದಕ್ಷಿಣದವರ ರಾಜಧಾನಿ ರಿಚ್‌ಮಂಡ್‌ನ ಡಿಪೋದ ಜಾಕೆಟ್‌ಗಳನ್ನು ಮೂರು ಬಗೆ ಮಾಡಿದರು. ಮೊದಲನೆಯದಕ್ಕೆ ಅಂಚುಪಟ್ಟಿ, ಹೆಗಲ ಪಟ್ಟಿ, ಬೆಲ್ಟ್ ಕುಣಿಕೆ ಎಲ್ಲ ಇದ್ದವು. ಎರಡನೆಯದರಲ್ಲಿ ಅಂಚುಪಟ್ಟಿ ಹೋಯಿತು. ಮೂರನೆಯದರಲ್ಲಿ ಹೆಗಲ ಪಟ್ಟಿ, ಕುಣಿಕೆಯೂ ಇಲ್ಲ. ಎಷ್ಟು ಬಿಗಿಯಾದ ಕಾಲ ಅದು ಎಂದು ಬಟ್ಟೆಯೇ ಹೇಳುತ್ತದೆ. ಜೊತೆಗೆ ಯುದ್ಧದ ಕೊನೆಯ ಹೊತ್ತಿಗೆ ನೀಲಿ-ಬೂದು ಬಣ್ಣದ ಇಂಗ್ಲಿಷ್ ಉಣ್ಣೆ ಬಟ್ಟೆ ಕಾಣಿಸಿಕೊಳ್ಳುತ್ತದೆ. ಐರ್ಲೆಂಡಿನ ಲಿಮರಿಕ್‌ನಲ್ಲಿದ್ದ ಪೀಟರ್ ಟೇಟ್ ಕಾರ್ಖಾನೆಯಿಂದ ಹೊಲಿದ ಜಾಕೆಟ್‌ಗಳೇ ಬಂದವು. ಎರಡೂ ಉತ್ತರದವರ ನೌಕಾ ದಿಗ್ಬಂಧನ ತಪ್ಪಿಸಿ ಬಂದ ಸರಕು.

ಒಂದು ಎಚ್ಚರಿಕೆ ಬೇಕು. ಸಿಪಾಯಿಗಳು ಜಾಕೆಟ್‌ಗಳನ್ನು ಹರಿಯುವ ತನಕ ತೊಟ್ಟು ಬಿಸಾಡಿದರು. ಉಳಿದವುಗಳಲ್ಲಿ ಬಹಳಷ್ಟು ಯುದ್ಧ ಮುಗಿದಾಗ ಮೈಮೇಲಿದ್ದವು. 1862ರ ಸಿಪಾಯಿ ಹೇಗಿದ್ದ ಎಂದು ಅವುಗಳಿಂದ ಸುಮ್ನೆ ಊಹಿಸುವಂತಿಲ್ಲ. ನಕಲಿಗಳೂ ಇವೆ. ಅವನ್ನು ಹಿಡಿಯಲು ನೇರಳಾತೀತ ದೀಪ ಸಾಕಾಗುತ್ತದೆ, ಕೆಲವೊಮ್ಮೆ. 20ನೇ ಶತಮಾನದಲ್ಲಿ ಬಂದ, ಬಟ್ಟೆ ಬೆಳ್ಳಗೆ ಕಾಣಿಸುವ ರಾಸಾಯನಿಕ ದಾರದಲ್ಲಿದ್ದರೆ ಆ ದೀಪದಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಹೊಲಿಗೆ. ಹೊಲಿಗೆ ಯಂತ್ರ ಆಗಲೇ ಬಂದಿತ್ತು. ಆದರೂ ರಿಚ್‌ಮಂಡ್‌ನಲ್ಲಿ, ಫಿಲಡೆಲ್ಫಿಯಾದಲ್ಲಿದ್ದ ಉತ್ತರದವರ ಸೇನಾ ಉಗ್ರಾಣ ಷುಯ್ಲ್‌ಕಿಲ್ ಆರ್ಸೆನಲ್‌ನಲ್ಲಿ ಬಟ್ಟೆ ಕತ್ತರಿಸಿ ಹೆಂಗಸರಿಗೆ ಕೊಡುತ್ತಿದ್ದರು. ಅವರು ಮನೆಗೆ ಒಯ್ದು ಕೈಯಲ್ಲೇ ಹೊಲಿದು ತರುತ್ತಿದ್ದರು. ಎಷ್ಟೋ ಮಂದಿಯ ಗಂಡ, ಅಣ್ಣತಮ್ಮಂದಿರು ಯುದ್ಧದಲ್ಲಿದ್ದರು. ಗುತ್ತಿಗೆದಾರರು ಕೊಡುವ ಕೂಲಿಯಲ್ಲಿ ಬದುಕುವುದಕ್ಕೇ ಆಗುತ್ತಿಲ್ಲ ಎಂದು ಸಿನ್ಸಿನಾಟಿಯ ಹೊಲಿಗೆ ಹೆಂಗಸರು 1865ರಲ್ಲಿ ಅಧ್ಯಕ್ಷ ಲಿಂಕನ್‌ಗೆ ಮನವಿ ಬರೆದರು. ಗುತ್ತಿಗೆಯಲ್ಲಿ ಹೊಲಿಸಿದ ಜಾಕೆಟ್‌ಗಳ ತೋಳಿನ ಅಸ್ತರಿನಲ್ಲಿ ಗುತ್ತಿಗೆದಾರನ ಹೆಸರಿನ ಮುದ್ರೆ ಇಂದಿಗೂ ಸಿಗುತ್ತದೆ. ಹೊಲಿದವಳದು ಅಂತ ಸಿಗುವುದು ಕಾಜಾದ ಸುತ್ತ ಅವಳು ಹಾಕಿದ ದಾರ, ಅಷ್ಟೇ.