ಕಾಯ್ದೆ ಪ್ರಾಂತ್ಯದ್ದು, ದುಡ್ಡು ಒಟ್ಟಾವಾದ್ದು: ಟಾಮಿ ಡಗ್ಲಸ್ ಮತ್ತು ಕೆನಡಾದ ಮೆಡಿಕೇರ್

ಮೆಡಿಕೇರ್ ಎಂದು ಕರೆಯುವ ಕೆನಡಾದ ಸಾರ್ವಜನಿಕ ಆರೋಗ್ಯ ವಿಮೆಗೆ ಜನಕ ಎಂದು ಹೆಸರಾದ ಟಾಮಿ ಡಗ್ಲಸ್ ಕೇಂದ್ರದಲ್ಲಿ ಒಂದು ದಿನವೂ ಮಂತ್ರಿಯಾಗಿರಲಿಲ್ಲ. ಇದರಲ್ಲಿ ವಿಚಿತ್ರವೇನಿಲ್ಲ. 1867ರ ಸಂವಿಧಾನ ಕಾಯ್ದೆಯ 92ನೇ ಸೆಕ್ಷನ್ ಆಸ್ಪತ್ರೆಗಳನ್ನು ಪ್ರಾಂತ್ಯಗಳಿಗೆ ಒಪ್ಪಿಸಿದೆ. ದೊಡ್ಡ ಖಜಾನೆ ಇರುವುದು ಮಾತ್ರ ಕೇಂದ್ರ ಸರ್ಕಾರವಿರುವ ಒಟ್ಟಾವಾದಲ್ಲಿ.

1904ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಹುಟ್ಟಿದ ಡಗ್ಲಸ್ ಬಾಲ್ಯದಲ್ಲಿ ಮೂಳೆಯ ಸೋಂಕಿನಿಂದ ಕಾಲನ್ನೇ ಕಳೆದುಕೊಳ್ಳುವುದರಲ್ಲಿದ್ದರು. ವಿನಿಪೆಗ್‌ನ ಸರ್ಜನ್ ಒಬ್ಬರು, ವಿದ್ಯಾರ್ಥಿಗಳಿಗೆ ನೋಡಲು ಬಿಡಬೇಕೆಂಬ ಷರತ್ತಿನ ಮೇಲೆ, ಪುಕ್ಕಟೆಯಾಗಿ ಶಸ್ತ್ರಚಿಕಿತ್ಸೆ ಮಾಡಿ ಕಾಲು ಉಳಿಸಿದರು. ಮುಂದೆ ಡಗ್ಲಸ್ ಸಸ್ಕ್ಯಾಚೆವಾನ್ ಪ್ರಾಂತ್ಯದ ವೇಬರ್ನ್‌ನಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾದರು. 1935ರಲ್ಲಿ ಎಡಪಂಥೀಯ ಸಿಸಿಎಫ್ ಪಕ್ಷದಿಂದ ಸಂಸತ್ತಿಗೆ ಗೆದ್ದು, ಒಂಬತ್ತು ವರ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂತರು.

1944ರಲ್ಲಿ ಸಸ್ಕ್ಯಾಚೆವಾನ್‌ನ ಶಾಸನಸಭೆಯ 52 ಸ್ಥಾನಗಳಲ್ಲಿ 47 ಸಿಸಿಎಫ್ ಪಾಲಾದವು. ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ಆದ ಡಗ್ಲಸ್ ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡರು. 1947ರ ಜನವರಿ 1ರಿಂದ ಆಸ್ಪತ್ರೆ ವಿಮೆ ಜಾರಿಯಾಯಿತು: ವರ್ಷಕ್ಕೆ ತಲಾ 5 ಡಾಲರ್, ಕುಟುಂಬವೊಂದಕ್ಕೆ ಹೆಚ್ಚೆಂದರೆ 30. ವೈದ್ಯರ ಫೀಸು ಇದರಲ್ಲಿ ಸೇರಿರಲಿಲ್ಲ, ಅಷ್ಟು ಹಣ ಪ್ರಾಂತ್ಯದ ಬಳಿ ಇರಲಿಲ್ಲ. ಫೀಸನ್ನೂ ವಿಮೆಗೆ ಸೇರಿಸುವ ಪ್ರಯೋಗ 1946ರಿಂದ ನಡೆದದ್ದು ನೈಋತ್ಯದ ಸ್ವಿಫ್ಟ್ ಕರೆಂಟ್ ವಲಯದಲ್ಲಿ ಮಾತ್ರ.

ಆ ಹಣ ಬಂದದ್ದು ಒಟ್ಟಾವಾದಿಂದ. 1957ರ ಕೇಂದ್ರ ಕಾಯ್ದೆಯಂತೆ ಆಸ್ಪತ್ರೆ ವೆಚ್ಚದ ಸುಮಾರು ಅರ್ಧವನ್ನು ಕೇಂದ್ರ ಕೊಡಬೇಕಿತ್ತು. ಕನಿಷ್ಠ ಆರು ಪ್ರಾಂತ್ಯಗಳು ಸೇರುವ ತನಕ ಬಿಡಿಗಾಸೂ ಇಲ್ಲ ಎಂಬ ಷರತ್ತು ಅದರಲ್ಲಿತ್ತು. ಪ್ರಧಾನಿ ಡೀಫನ್‌ಬೇಕರ್ ಅವರ ಸರ್ಕಾರ ಅದನ್ನು ಕಿತ್ತುಹಾಕಿ 1958ರ ಜುಲೈ 1ರಿಂದ ಹಣ ಬಿಡುಗಡೆ ಮಾಡಿತು. ಹನ್ನೊಂದು ವರ್ಷ ಒಂಟಿಯಾಗಿ ಹೊತ್ತ ಭಾರ ಅರ್ಧ ಇಳಿದದ್ದೇ, ಉಳಿದ ಹಣವನ್ನು ಡಗ್ಲಸ್ ವೈದ್ಯರ ಫೀಸಿನ ಕಡೆ ತಿರುಗಿಸಿದರು. ಡಗ್ಲಸ್ ಕಥೆ ಹೇಳುವವರು ಸಾಮಾನ್ಯವಾಗಿ ಆದರ್ಶದ ಮಾತಾಡುತ್ತಾರೆ; ಈ ಲೆಕ್ಕಾಚಾರಕ್ಕೂ ಅಷ್ಟೇ ಮಹತ್ವವಿದೆ.

1960ರ ಚುನಾವಣೆಯನ್ನು ಇದೇ ವಿಷಯದ ಮೇಲೆ ಗೆದ್ದರು, 1961ರ ನವೆಂಬರ್‌ನಲ್ಲಿ ಕಾಯ್ದೆ ಪಾಸಾಯಿತು. ಅದೇ ತಿಂಗಳು, ಸಿಸಿಎಫ್ ಜಾಗಕ್ಕೆ ಬಂದ ಹೊಸ ಪಕ್ಷ ಎನ್‌ಡಿಪಿಯ ರಾಷ್ಟ್ರೀಯ ನಾಯಕರಾಗಿ ಆಗಲೇ ಆಯ್ಕೆಯಾಗಿದ್ದ ಡಗ್ಲಸ್, ಪ್ರೀಮಿಯರ್ ಪದವಿಯನ್ನು ವುಡ್ರೋ ಲಾಯ್ಡ್ ಅವರಿಗೆ ಬಿಟ್ಟುಕೊಟ್ಟರು. ವೈದ್ಯರ ಸಿಟ್ಟು ಸಿಡಿದದ್ದು ಆಮೇಲೆ. 1962ರ ಜೂನ್ 18ರ ಸಂಸತ್ ಚುನಾವಣೆಯಲ್ಲಿ ರಿಜೈನಾ ಕ್ಷೇತ್ರದಿಂದ ಸ್ವತಃ ಡಗ್ಲಸ್ ಸೋತರು. ಜುಲೈ 1ಕ್ಕೆ ಯೋಜನೆ ಶುರು, ಅಂದೇ ವೈದ್ಯರ ಮುಷ್ಕರವೂ ಶುರು. ಸರ್ಕಾರಿ ನೌಕರರಾಗಿಬಿಡುತ್ತೇವೆ ಎಂಬ ಭಯ ಅವರದು. ಲಾಯ್ಡ್ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿದರು. ಬ್ರಿಟಿಷ್ ವೈದ್ಯ ಹಾಗೂ ರಾಜಕಾರಣಿ ಲಾರ್ಡ್ ಟೇಲರ್ ಮಧ್ಯಸ್ಥಿಕೆಯಲ್ಲಿ ಜುಲೈ 23ರಂದು ಸಸ್ಕಟೂನ್‌ನಲ್ಲಿ ಒಪ್ಪಂದವಾಯಿತು: ವಿಮೆ ಎಲ್ಲರಿಗೂ ಕಡ್ಡಾಯ, ಆದರೆ ವೈದ್ಯರು ಯೋಜನೆಯ ಹೊರಗೆ ನಿಂತು ರೋಗಿಗೇ ನೇರವಾಗಿ ಬಿಲ್ ಕೊಡಬಹುದು.

ಉಪಚುನಾವಣೆಯೊಂದರಲ್ಲಿ, ಬ್ರಿಟಿಷ್ ಕೊಲಂಬಿಯಾದಿಂದ, ಡಗ್ಲಸ್ ಸಂಸತ್ತಿಗೆ ಮರಳಿದರು. ಡೀಫನ್‌ಬೇಕರ್ ನೇಮಿಸಿದ್ದ ನ್ಯಾಯಮೂರ್ತಿ ಎಮೆಟ್ ಹಾಲ್ ಆಯೋಗ 1964ರಲ್ಲಿ ಇಡೀ ದೇಶಕ್ಕೆ ಇಂಥದೇ ವಿಮೆಯನ್ನು ಶಿಫಾರಸು ಮಾಡಿತು. ಬಹುಮತವಿಲ್ಲದ ಪ್ರಧಾನಿ ಪಿಯರ್ಸನ್ ಅವರ ಸರ್ಕಾರಕ್ಕೆ ಎನ್‌ಡಿಪಿ ಮತಗಳು ಬೇಕಿದ್ದವು. ಈ ವಿಮೆ ತಂದ 1966ರ ಕೇಂದ್ರ ಕಾಯ್ದೆಯ ವಿರುದ್ಧ ಬಿದ್ದದ್ದು ಎರಡೇ ಮತ. 1968ರಲ್ಲಿ ಅದು ಜಾರಿಗೆ ಬಂದ ವರ್ಷವೇ ಡಗ್ಲಸ್ ಮತ್ತೊಮ್ಮೆ ಸೋತು, 1969ರಲ್ಲಿ ಮತ್ತೊಂದು ಉಪಚುನಾವಣೆಯಲ್ಲಿ ಗೆದ್ದರು.

ಸಸ್ಕಟೂನ್‌ನಲ್ಲಿ ವೈದ್ಯರಿಗೆ ತೆರೆದಿಟ್ಟ ಬಾಗಿಲು ಮುಂದೆ ತೊಂದರೆ ಕೊಟ್ಟಿತು. 1977ರಲ್ಲಿ ಕೇಂದ್ರ ಅರ್ಧ ಪಾಲಿನ ಪದ್ಧತಿ ಬಿಟ್ಟು ಇಡುಗಂಟು ಕೊಡತೊಡಗಿತು, ಪ್ರಾಂತ್ಯಗಳ ಮೇಲಿನ ಅದರ ಹಿಡಿತ ಸಡಿಲವಾಯಿತು. ವಿಮೆಯ ದರದ ಮೇಲೆ ರೋಗಿಯಿಂದ ಹೆಚ್ಚುವರಿ ಕೀಳುವ ವೈದ್ಯರು ಹೆಚ್ಚಾದರು. 1984ರಲ್ಲಿ ಕೇಂದ್ರ ಆರೋಗ್ಯ ಸಚಿವೆ ಮೋನಿಕ್ ಬೆಜಿನ್ ತಂದ ಕೆನಡಾ ಆರೋಗ್ಯ ಕಾಯ್ದೆ ವೈದ್ಯರನ್ನು ಮುಟ್ಟಲಿಲ್ಲ, ಅದು ಕೇಂದ್ರದ ಅಧಿಕಾರವೂ ಅಲ್ಲ. ರೋಗಿಯಿಂದ ಕಿತ್ತ ಪ್ರತಿ ಡಾಲರಿಗೆ ಪ್ರಾಂತ್ಯದ ಅನುದಾನದಲ್ಲಿ ಒಂದು ಡಾಲರ್ ಕಡಿತ, ಅಷ್ಟೇ. 1986ರಲ್ಲಿ ತೀರಿಕೊಂಡ ಡಗ್ಲಸ್ ಇದನ್ನು ನೋಡಿದರು.

ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ ಮಾತ್ರ ಈ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ. 2024ರ ಫಾರ್ಮಾಕೇರ್ ಕಾಯ್ದೆ ಗರ್ಭನಿರೋಧಕ ಮತ್ತು ಮಧುಮೇಹದ ಔಷಧಿಗಳಿಂದ ಆರಂಭಿಸಿದೆ. ಅದಕ್ಕೂ ಒಟ್ಟಾವಾ ಒಂದೊಂದೇ ಪ್ರಾಂತ್ಯದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಬೇಕು.